ಇಲ್ಲದ ಮಿರ್ಚಿ ಬಂಡಿ

ಮನೆಯಲ್ಲೇ ಕೂತವರು ಹೊರಗೆ ಹೋಗಲು ಹಾತೊರೆಯುತ್ತಾರೆ ಎಂದು ಜನ ತಿಳಿದಿದ್ದಾರೆ. ನನ್ನ ಮಟ್ಟಿಗೆ ಅದು ಸುಳ್ಳು. ಕಾಲು ಸೋತು ವೀಲ್‌ಚೇರ್ ಹತ್ತಿದ ಮೇಲೆ ನಾನು ಕಿಟಕಿ, ಟೀವಿ, ದಿಂಬು ಇವಿಷ್ಟರ ಜೊತೆಗೇ ಸಂಸಾರ ಹೂಡಿಬಿಟ್ಟೆ. ನೋಡಲು ಬರುವವರು ಮೊದಮೊದಲು ವಾರಕ್ಕೊಮ್ಮೆ ಬಂದರು, ಆಮೇಲೆ ಹಬ್ಬಕ್ಕೆ, ಆಮೇಲೆ ಈ ದಾರಿಯಲ್ಲಿ ಬೇರೆ ಕೆಲಸವಿದ್ದಾಗ. ಅವರ ತಪ್ಪೇನಿಲ್ಲ ಬಿಡಿ, ನನ್ನ ಬಿಪಿಯನ್ನು ಎಷ್ಟು ಸಲ ಅಂತ ವಿಚಾರಿಸುತ್ತಾರೆ?

ಕೊನೆಗೆ ಉಳಿದವರು ಇಬ್ಬರು, ಸಿರುಗುಪ್ಪದ ಶಾರದಕ್ಕ ಮತ್ತು ಕುರುಗೋಡಿನ ವೀರೇಶ. ಅವರೂ ವೀಲ್‌ಚೇರಿನವರೇ, ಆಸ್ಪತ್ರೆಯಲ್ಲಿ ಕಾಯುತ್ತಾ ಪರಿಚಯವಾದವರು. ದಿನಾ ಸಂಜೆ ಮೂವರೂ ಫೋನಿನಲ್ಲಿ ಮುಖ ನೋಡಿಕೊಂಡು ಹರಟುತ್ತೇವೆ. ಅದಕ್ಕೆ ಶಾರದಕ್ಕನದೊಂದು ಕಾಯಿದೆ: ಆ ದಿನ ಹೊಸ್ತಿಲ ಹೊರಗೆ ಕಂಡದ್ದನ್ನು ಹೇಳಬೇಕು. ಟೀವಿ ಸುದ್ದಿ, ಕಾಯಿಲೆ ಸುದ್ದಿ ನಡೆಯುವುದಿಲ್ಲ. ಅವರು ಅಕ್ಕಿ ಗಿರಣಿಯ ಮುಂದಿನ ಜಗಳ ತರುತ್ತಾರೆ, ವೀರೇಶ ಬಸ್‌ಸ್ಟ್ಯಾಂಡಿನದು. ಜಿಲ್ಲಾ ಕೇಂದ್ರದ ಕಂಟೋನ್ಮೆಂಟ್ ಬಡಾವಣೆಯಲ್ಲಿ ಕದ ಹಾಕಿಕೊಂಡು ಕೂತ ನಾನು ಏನು ತರಲಿ? ಒಂದು ಸಂಜೆ ಬಾಯಿಗೆ ಬಂದಂತೆ, ನಮ್ಮ ಹಿಂದಿನ ಓಣಿಯಲ್ಲೊಂದು ಮಿರ್ಚಿ ಬಂಡಿಯಿದೆ, ನಾನು ದಿನಾ ಹೋಗುತ್ತೇನೆ ಎಂದುಬಿಟ್ಟೆ.

"ಹಂಗಾರ ಐತಾರ ಬರ್ತೀವಿ ತಗೋರಿ," ಎಂದರು ಶಾರದಕ್ಕ. "ಆಟೋ ಮಾಡ್ಕೊಂಡು, ಕುರುಗೋಡಿಗೆ ಹೋಗಿ ವೀರೇಶನ್ನೂ ಹತ್ತಿಸ್ಕೊಂತೀನಿ."

ನಗಬೇಡಿ, ನಿಜಕ್ಕೂ ಹೆದರಿದೆ. ಸುಳ್ಳು ಬಯಲಾಗಿ ಇವರಿಬ್ಬರೂ ದೂರವಾದರೆ ಸಂಜೆ ನನ್ನ ಮುಖ ನೋಡುವವರೇ ಇಲ್ಲ. ಯಾವುದಾದರೂ ಬಂಡಿ ಸಿಕ್ಕೀತೇನೋ ಎಂದು ಭಾನುವಾರ ಮಧ್ಯಾಹ್ನ ಗಾಲಿ ತಳ್ಳಿಕೊಂಡು ಹಿಂದಿನ ಓಣಿಗೆ ಹೊರಟೆ. ಜನ ನನ್ನನ್ನು ಬೆರಗಿನಿಂದ ನೋಡಿದರು, ನಾನೂ ಅವರನ್ನು ಹಾಗೇ ನೋಡಿದೆ. ಬಾವಿ ಇದ್ದ ಜಾಗದಲ್ಲಿ ಯಾರೋ ಮಹಡಿ ಎಬ್ಬಿಸಿದ್ದರು. ಕಟ್ಟೆಯ ಮೇಲಿದ್ದ ಅಜ್ಜನೊಬ್ಬ, "ಇದಕ್ಕ ಬ್ರೇಕ್ ಎಲ್ಲೈತಿ?" ಎಂದ. ತೋರಿಸಿದೆ, ಆತ ತಾನೂ ಒಮ್ಮೆ ಹಾಕಿ ನೋಡಿದ. ಓಣಿ ಮುಗಿಯುವಲ್ಲಿ, ಬೇವಿನ ಮರದ ಕೆಳಗೆ, ನಿಜವಾಗಿಯೂ ಒಂದು ಮಿರ್ಚಿ ಬಂಡಿ ನಿಂತಿತ್ತು.

ಬಂಡಿಯ ಈರಮ್ಮ ಹಿಟ್ಟು ಕಲಸುತ್ತಾ, "ಈ ಕಡಿ ಹೊಸದಾಗಿ ಬಂದೀರೇನ್ರಿ?" ಎಂದಳು. ಹುಟ್ಟಿದ್ದೇ ಪಕ್ಕದ ಓಣಿಯಲ್ಲಿ ಎಂದು ಹೇಳಲು ನಾಚಿಕೆಯಾಯಿತು. ಆದರೂ ಹೇಳಿದೆ.

ಸಂಜೆ ಗೆಳೆಯರು ಬಂದರು. ಮೂರು ಕುರ್ಚಿಗಳು ಬಂಡಿಯನ್ನು ಸುತ್ತುವರಿದವು. ಒಂದು ಮಿರ್ಚಿ ಮುಗಿಸಿದ ಶಾರದಕ್ಕ ನೇರವಾಗಿ ಈರಮ್ಮನನ್ನೇ ಕೇಳಿದರು: "ಇವ್ರು ದಿನಾ ಬರ್ತಾರಂತಲ್ಲವ್ವಾ, ಖರೇನಾ?"

ನನ್ನ ಕೈಯ ಮಿರ್ಚಿ ಕೈಯಲ್ಲೇ ಉಳಿಯಿತು. ಈರಮ್ಮ ಒಮ್ಮೆ ನನ್ನ ಮುಖ ನೋಡಿದಳು.

"ಹೌದ್ರಿ, ದಿನಾ ಬರ್ತಾರ."

ಆಕೆಯ ಮೇಲೆ ಉಕ್ಕಿಬಂದ ಪ್ರೀತಿಗೆ ಇನ್ನೂ ಎರಡು ತಿಂದೆ.

ಅವರ ಆಟೋ ಹೋದ ಮೇಲೆ ಈರಮ್ಮ ಬಾಣಲಿ ಇಳಿಸುತ್ತಾ ಹೇಳಿದಳು: "ದೀಪ ಹಚ್ಚೋ ಹೊತ್ನ್ಯಾಗ ನಿಮ್ಮ ಸಲುವಾಗಿ ಸುಳ್ಳು ಹೇಳೀನಿ. ನಾಳಿಂದ ದಿನಾ ಬಂದು ಅದನ್ನ ಖರೇ ಮಾಡ್ರಿ."

ಹೀಗಾಗಿ ಒಬ್ಬ ಹೆಣ್ಣುಮಗಳ ಮಾತು ಉಳಿಸಲು ದಿನಾ ಹೊರಗೆ ಹೋಗಿ ಮಿರ್ಚಿ ತಿನ್ನುತ್ತಿದ್ದೇನೆ. ಹೊರಗೆ ತಿರುಗಾಡಿ, ತೂಕ ಇಳಿಸಿ ಎಂದಿದ್ದ ಡಾಕ್ಟರಿಗೆ ಅರ್ಧ ಸಂತೋಷವಾಗಿದೆ.