ವಿರೂಪಣ್ಣನ ರೋಗಗಳು

ಮಾನ್ವಿಯ ಅಕ್ಕಿ ಗಿರಣಿ ಮಾಲೀಕ ವಿರೂಪಣ್ಣನಿಗೆ ಇದ್ದ ಕೊರಗು ಒಂದೇ: ಅವನ ಕಾಯಿಲೆಗಳನ್ನು ಊರಿನಲ್ಲಿ ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಎಪ್ಪತ್ತೆಂಟನೇ ಇಸವಿಯ ಬೇಸಿಗೆಯಲ್ಲಿ ರಾಯಚೂರು ಸ್ಟೇಷನ್ನಿನಿಂದ ವೈದ್ಯಕೀಯ ನಿಘಂಟು ಕೊಂಡು ತಂದ ಮೇಲಂತೂ ಆ ಮಹಾನುಭಾವ ಅಕಾರಾದಿಯಾಗಿ ನರಳತೊಡಗಿದ. ಅರ್ಥ ಓದಿ ಮುಗಿಸುವಷ್ಟರಲ್ಲಿ ಆ ನೋವು ಬಂದು ಹಾಜರು. (ಗರ್ಭಕೋಶದ ಪುಟಗಳನ್ನು ಮಾತ್ರ ಕೊಂಚ ನಿರಾಸೆಯಿಂದ ದಾಟಿದ.)

ಓದಿದ್ದನ್ನೆಲ್ಲ ಹೆಂಡತಿ ಗುರುಶಾಂತಮ್ಮನಿಗೆ ಬಾಯಿಪಾಠ ಮಾಡಿಸಿದ. ದೊಡ್ಡ ಮನುಷ್ಯ ತನ್ನ ನೋವನ್ನು ತಾನೇ ಹೇಳಿಕೊಳ್ಳಬಾರದು, ಮನೆಯಾಕೆ ಹೇಳಬೇಕು ಎಂಬುದು ಅವರ ಮನೆತನದ ರಿವಾಜು.

"ಆಂಜೈನಾ ಅಂದ್ರೇನು, ಹೇಳು."

"ಹೃದಯಕ್ಕ ರಕ್ತ ಸಾಲದ ಎದ್ಯಾಗ ಬರೋ ನೋವು ರೀ. ಒಲಿ ಮ್ಯಾಲ ಹಾಲು ಅದ, ಹೋಗ್ಲೇನು?"

"ನಾ ಸಾಯಾಕತ್ತೀನಿ, ನಿನಗ ಹಾಲಿನ ಚಿಂತಿ!"

ಕೊನೆಗೆ ರಾಯಚೂರಿನ ದೊಡ್ಡ ಡಾಕ್ಟರರ ಹತ್ತಿರ ಸವಾರಿ ಹೊರಟಿತು. ರೋಗಿ ಶಾಲು ಹೊದ್ದು ಮುಂದೆ. ಗಂಜಿಯ ಡಬ್ಬಿ, ನೀರಿನ ತಂಬಿಗೆ, ನಿಘಂಟು ಎಲ್ಲ ಹೊತ್ತ ಗುರುಶಾಂತಮ್ಮ ಹಿಂದೆ. ದವಾಖಾನೆಯ ಮೆಟ್ಟಿಲ ನಡುವೆ ಆಕೆ ಗೋಡೆ ಹಿಡಿದು ನಿಂತುಬಿಟ್ಟಳು.

"ಲಗೂ ಬಾ! ರೋಗಿ ನಾನೇ ಹತ್ತೀನಿ, ನಿನಗೇನು ಧಾಡಿ?" ಎಂದು ಮೇಲಿನಿಂದ ಗದರಿದ.

ಡಾಕ್ಟರು ವಿಚಾರಿಸಿದಾಗ ವಿರೂಪಣ್ಣ ಕಣ್ಣು ಮುಚ್ಚಿಕೊಂಡು ಹೆಂಡತಿಯತ್ತ ಕೈ ತೋರಿಸಿದ.

"ನಾಕು ಹೆಜ್ಜಿ ನಡದ್ರ... ದಮ್ಮು ಹತ್ತತದ್ರೀ ಇವರಿಗೆ. ಮಲಗಿದ್ರ... ಉಸಿರು ಕಟ್ಟತದ..." ಒಂದೊಂದು ಮಾತಿಗೂ ಆಕೆ ನಿಂತು ಗಾಳಿ ಎಳೆದುಕೊಳ್ಳುತ್ತಿದ್ದಳು.

ಡಾಕ್ಟರು ಸ್ಟೆತಾಸ್ಕೋಪು ಹಿಡಿದು ಎದ್ದರು. ನೇರ ಆಕೆಯ ಹತ್ತಿರ ಹೋದರು. ಊದಿಕೊಂಡ ಪಾದವನ್ನು ಬೆರಳಿನಿಂದ ಒತ್ತಿದರೆ ಗುಳಿ ಹಾಗೇ ಉಳಿಯಿತು.

"ಸಾಹೇಬ್ರ, ರೋಗಿ ನಾನ್ರೀ!"

"ನೀವು ಸುಮ್ಮನ ಕೂಡ್ರಿ. ಈಕಿದು ಹಾರ್ಟ್ ಫೇಲ್ಯೂರ್. ಭಾಳ ತಡ ಮಾಡೀರಿ, ಈಗಿಂದೀಗ ಅಡ್ಮಿಟ್ ಮಾಡ್ಬೇಕು. ಮನ್ಯಾಗ ಯಾರೂ ಈಕಿನ್ನ ನೋಡೇ ಇಲ್ಲೇನು?"

ವಿರೂಪಣ್ಣನಿಗೆ ಭೂಮಿಗಿಳಿದು ಹೋಗುವಷ್ಟು ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

"ಏನಂತರೀ ಅದು? ಅರ್ಥ ಏನ್ರೀ?" ಗುರುಶಾಂತಮ್ಮ ಶಾಲಿನ ತುದಿ ಜಗ್ಗಿದಳು.

ಆಕೆಯ ಬಾಯಿಪಾಠ ಇನ್ನೂ ಹಕಾರದ ತನಕ ಬಂದಿರಲಿಲ್ಲ; ಆದರೆ ಆ ಪದದ ಅರ್ಥ ಅವನಿಗೆ ಅಕ್ಷರ ಬಿಡದೆ ಬಾಯಿಗೆ ಬರುತ್ತಿತ್ತು.

"ಸುಸ್ತು, ಅಷ್ಟ" ಎಂದ.

ಆಕೆ ಡಾಕ್ಟರರತ್ತ ತಿರುಗಿದಳು. "ನಂದಿರ್ಲಿ ಬಿಡ್ರೀ. ಇವರಿಗೇನಾಗ್ಯಾದ?"

ಡಾಕ್ಟರು ವಿರೂಪಣ್ಣನ ನಾಡಿ ಹಿಡಿದು, ಎದೆಗೆ ಸ್ಟೆತಾಸ್ಕೋಪು ಇಟ್ಟು ನೋಡಿದರು. "ಏನೂ ಆಗಿಲ್ಲವ್ವ. ಗಟ್ಟಿಮುಟ್ಟಾಗಿ ಅದಾರ."

ಗುರುಶಾಂತಮ್ಮನ ಕಣ್ಣು ತುಂಬಿ ಬಂತು. ಗಂಜಿಯ ಡಬ್ಬಿ ಕೆಳಗಿಟ್ಟು ಎರಡೂ ಕೈ ಜೋಡಿಸಿದಳು.

"ಯಪ್ಪಾ ಶರಣಬಸವಾ... ನನ್ನ ಮುತ್ತೈದಿತನ... ಉಳಿಸಿದಿ!"