ಅವ್ವನ ಕರಡಿಗಿ ಮತ್ತು ಎಂಆರ್‌ಐ ಯಂತ್ರ

ಸೇಡಂದಾಗ ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ವಿಜ್ಞಾನ ಕಲಿಸ್ಲಿಕತ್ತೀನಿ. ಇಡೀ ಸಾಲಿ ಮಕ್ಕಳಿಗೆ ತಿಳಿಹೇಳಾಂವಗ ಒಬ್ಬ ಅವ್ವಗ ಹೇಳ್ಲಿಕ್ಕೆ ಎಷ್ಟೊತ್ತು? ಹತ್ತು ನಿಮಿಷ ಸಾಕು ಅಂತ ತಿಳ್ಕೊಂಡಿದ್ದೆ. ತಿಳ್ಕೊಂಡಿದ್ದೆ, ಅಷ್ಟೇ!

ಅವ್ವನ ಎಡಗೈಗೆ ಜೋಮು ಹಿಡೀಲಿಕತ್ತಿತ್ತು. ದಿನಾ ಮುಂಜಾನಿ ಅದೇ ಅಂಗೈ ಮ್ಯಾಲ ಇಷ್ಟಲಿಂಗ ಇಟ್ಕೊಂಡು ಪೂಜಿ ಮಾಡಾಕಿ ಅಕಿ. ಒಂದಿನ ಕೈ ನಡುಗಿ ಲಿಂಗ ಉಡ್ಯಾಗ ಬಿತ್ತು. ಅವತ್ತು ಅಕಿ ಉಣ್ಣಲಿಲ್ಲ. "ಪೂಜಿ ತಪ್ಪಿದ್ರ ನಾ ಯಾಕ ಬದುಕಬೇಕಪಾ" ಅಂತ ಕಣ್ಣೀರು ಹಾಕಿದಳು. ನನಗ ಭಾಳ ಕೆಟ್ಟನಿಸ್ತು. ಡಾಕ್ಟರು, "ಕುತ್ತಿಗ್ಯಾಗ ನರ ಒತ್ತಿರಬೇಕು. ಲಗೂ ಎಂಆರ್‌ಐ ಮಾಡಿಸ್ರಿ, ತಡಾ ಮಾಡಿದ್ರ ಕೈ ಪೂರಾ ಹೋಗ್ತದ" ಅಂದ್ರು.

ಎಂಆರ್‌ಐ ಅಂದ್ರ ದೊಡ್ಡ ಅಯಸ್ಕಾಂತ. ಮೈ ಮ್ಯಾಲ ಲೋಹ ಇರಬಾರದು. ಅವ್ವನ ಕೊರಳಾಗ ನೋಡಿದ್ರ ಬೆಳ್ಳಿ ಕರಡಿಗಿ, ಅದರೊಳಗ ಲಿಂಗ. ಸ್ನಾನ ಮಾಡುವಾಗೂ ಅದನ್ನ ಮೈಯಿಂದ ಬ್ಯಾರೆ ಮಾಡಾಕಿ ಅಲ್ಲ.

ಸದರಿ ವಿಷಯದ ಕುರಿತು ಕಲಬುರಗಿ ಬಸ್ಸಿನಲ್ಲಿಯೇ ನಾನು ಉಪನ್ಯಾಸವನ್ನು ಆರಂಭಿಸಿದೆನು.

"ಅವ್ವಾ, ಕಾಂತಕ್ಷೇತ್ರ ಅಂದ್ರ..."

"ಒಂದು ಮಾತು ಕೇಳ್ಲೇನೋ?"

"ಮೊದಲ ನಾ ಹೇಳೋದು ಪೂರಾ ಕೇಳು!"

ಮಳಖೇಡ ಬರೋದ್ರಾಗ ಅರ್ಧ ಬಸ್ಸು ನನ್ನ ಮ್ಯಾಲ ಬಿದ್ದಿತ್ತು. "ಹೆತ್ತ ತಾಯಿಗೆ ಲಿಂಗ ಬಿಚ್ಚು ಅಂತೀರೇನ್ರಿ ಮಾಸ್ತರೇ?" ಅಂತ ಮುಂದಿನ ಸೀಟಿನ ಹಿರಿಯರು ತಿರುಗಿ ಕುಂತ್ರು. ನಾ ಅವರಿಗೂ ಕಾಂತಕ್ಷೇತ್ರ ಹೇಳ್ಲಿಕ್ಕೆ ಹೋದೆ. "ಜಗಳಿದ್ರ ಇಳ್ದು ಮಾಡ್ರಿ!" ಅಂದ ಕಂಡಕ್ಟರ.

ಕಲಬುರಗಿ ದವಾಖಾನ್ಯಾಗ ಸ್ಕ್ಯಾನಿಂಗ್ ಮಾಡೋ ಹುಡುಗಿ ಚಿತ್ತಾಪುರದ ಕಡೀಕಿ. "ಅಜ್ಜೀ, ಲೋಹ ಏನಿದ್ರೂ ತೆಗೀರಿ" ಅಂದ್ಲು.

ನಾ ಭೌತಶಾಸ್ತ್ರ ಬಿಟ್ಟು ಜೀವಶಾಸ್ತ್ರಕ್ಕ ಬಂದೆ. "ಅವ್ವಾ, ಲಿಂಗ ನನ್ನ ಕೈಯಾಗ ಕೊಡು. ಮಗ ಅಂದ್ರ ತಾಯಿ ಮೈಯ ಭಾಗನೇ ಅಲ್ಲೇನು?"

"ನೀ ನನ್ನ ಮೈಯಿಂದ ಬ್ಯಾರೆ ಆಗಿ ಐವತ್ತು ವರ್ಷಾಯ್ತಲ್ಲೋ!"

ಜೀವಶಾಸ್ತ್ರವೂ ಮುಗೀತು. ಅವ್ವ ಹುಡುಗಿ ಕಡಿ ತಿರುಗಿದಳು. "ತಂಗೀ, ನಿನ್ನ ಯಂತ್ರಕ್ಕ ಬ್ಯಾಡಾಗಿದ್ದು ಲಿಂಗೋ, ಬೆಳ್ಳಿಯೋ?"

"ಪರೀಕ್ಷಾ ಮಾಡೇ ನೋಡೋಣ್ರಿ ಅಜ್ಜೀ" ಅಂತ ಹುಡುಗಿ ನಕ್ಕಳು. ಅವ್ವ ಕರಡಿಗಿಯಿಂದ ಲಿಂಗ ತೆಗೆದು ಬಿಳೀ ಅರಿವ್ಯಾಗ ಸುತ್ತಿ ಮುಷ್ಟ್ಯಾಗ ಹಿಡಿದಳು. ಲೋಹ ಹುಡುಕೋ ಯಂತ್ರ ಬಂತು. ಕರಡಿಗಿಗೆ ಹಚ್ಚಿದ್ರ ಪೀಂ! ಮುಷ್ಟಿಗೆ ಹಚ್ಚಿದ್ರ ಚುಪ್ಪ. ಹುಡುಗಿ ಒಳಗಿನ ಡಾಕ್ಟರಿಗೆ ಕೇಳಿ ಬಂದು, "ಹಿಡ್ಕೊಂಡೇ ನಡೀರಿ" ಅಂದ್ಲು.

"ಬಸ್ಸಿನಾಗೇ ಇದನ್ನ ಕೇಳ್ತಿದ್ದೆ" ಅಂದಳು ಅವ್ವ. "ನೀ ಬಾಯಿ ತೆಗೀಲಿಕ್ಕೆ ಬಿಡಲಿಲ್ಲ."

ಪ್ರಶ್ನಾ ಕೇಳ್ರಿ ಅಂತ ಮಕ್ಕಳಿಗೆ ದಿನಾ ಬಡ್ಕೊಳ್ಳೋ ನಾನು ಮುಂಜಾನಿಂದ ಒಂದೇ ಒಂದು ಪ್ರಶ್ನಾ ಕೇಳಿರಲಿಲ್ಲ. ಲಿಂಗನೂ ಬಿಡದೆ, ಯಂತ್ರನೂ ಬಿಡದೆ ಪ್ರಯೋಗ ಮಾಡಿದಾಕಿ ಅವ್ವ. ನಾ ಮಾಡಿದ್ದು ಬರೇ ಪ್ರವಚನ. ಖರೇನೇ ನಾಚಿಕಿ ಬಂತು.

ಒಬ್ಬರು ಜೊತಿಗೆ ಒಳಗ ಕುಂದರಬಹುದಂತ. ಹೋದ ಮರ್ಯಾದಿ ವಾಪಸ್ ತರ್ಲಿಕ್ಕೆ ಇದೇ ಟೈಮು! ಬೆಲ್ಟು, ಗಡಿಯಾರ, ಮೊಬೈಲು ತೆಗೆದಿಟ್ಟು ಎದಿ ಸೆಟೆಸಿ ನಿಂತೆ. ಯಂತ್ರ ನನ್ನ ನಡುವಿಗೆ ಬಂದು ಪೀಂ!

"ಸರ್, ಉಡದಾರದಾಗ ಏನದ್ರಿ?"

ತಾಮ್ರದ ತಾಯಿತ.

"ಅಯ್ಯ, ಅದಿನ್ನೂ ಅದೇನೋ?" ಅವ್ವ ಗಲ್ಲದ ಮ್ಯಾಲ ಬೆರಳಿಟ್ಟಳು. "ಫಿಜಿಕ್ಸಿನಾಗ ಎರಡು ಸಲ ನಪಾಸಾದಾಗ ಓಡಿ ಹೋಗಿ ಕಟ್ಟಿಸ್ಕೊಂಡು ಬಂದಿದ್ದು?"

ಹುಡುಗಿ ಗ್ವಾಡಿ ಕಡಿ ಮುಖ ತಿರುಗಿಸಿದಳು. "ಕತ್ತರಿ ಕೊಡ್ಲೇನ್ರಿ ಸರ್?"

ಕೈ ಉಡದಾರದ ತನಕ ಹೋಯ್ತು. ಅಲ್ಲೇ ನಿಂತಿತು. ಮೂರನೇ ಸಲ ಪಾಸಾಗಿದ್ದೆ ನೋಡ್ರಿ!

"ಇರ್ಲಿ ಬಿಡಪಾ, ಅಂಜಬ್ಯಾಡ. ನೀ ಹೊರಗೇ ಕುಂದ್ರು, ನಾ ಹೋಗಿ ಬರ್ತೀನಿ" ಅಂತ ಪೇಷಂಟೇ ನನಗ ಧೈರ್ಯ ಹೇಳಿ ಒಳಗ ಹೋದಳು.

ರಿಪೋರ್ಟ್ ಬಂತು. ನರ ಜರಾನೇ ಒತ್ತಿತ್ತು. ಗುಳಿಗಿ, ಕಸರತ್ತಿನಾಗೇ ಕೈ ಸುಧಾರಿಸ್ತದ ಅಂದ್ರು. ನನಗ ಹೋದ ಜೀವ ಬಂದಂಗಾಯ್ತು.

ಬಸ್ ಸ್ಟ್ಯಾಂಡಿನಾಗ ಅವ್ವ ಮೆಲ್ಲಕ ಕೇಳಿದಳು. "ಆ ತಾಯಿತ ಬಿಚ್ಚಿದ್ರ ಏನಾಗ್ತಿತ್ತೋ?"

"ಏನಾಗ್ತದವ್ವಾ? ಏನೂ ಆಗ್ತಿರಲಿಲ್ಲ."

"ಹಂಗಾರ ಈಗ ಬಿಚ್ಚು. ಪರೀಕ್ಷಾ ಮಾಡೇ ನೋಡೋಣ."

"ಬಸ್ ಬಂತು, ಏಳವ್ವಾ!" ಅಂದೆ.

ಬಸ್ಸು ಇನ್ನೂ ಬಂದಿರಲಿಲ್ಲ.