ಬಾಣಂತನಕ್ಕೆ ಮುಂಚೆ ಸೊಳ್ಳೆ ತಪಾಸಣೆ

ಕಂಡವರ ಮನೆಯ ಬಚ್ಚಲಿಗೆ ಟಾರ್ಚ್ ಹಿಡಿದು ನುಗ್ಗುವುದು ನನ್ನ ಉದ್ಯೋಗ. ನೀರು ನಿಂತ ಕಡೆಯೆಲ್ಲ ಸೊಳ್ಳೆಯ ಮರಿಹುಳ ಇದೆಯೇ ಎಂದು ನೋಡಬೇಕು, ಇದ್ದರೆ ಚೆಲ್ಲಿಸಬೇಕು. ನಲ್ಲಿ ನೀರು ಬಂದ ದಿನವೇ ಹಬ್ಬ ಎನ್ನುವ ಬೀದಿಗಳಲ್ಲಿ ‘ನೀರು ಚೆಲ್ಲಿ’ ಎನ್ನುವವನಿಗೆ ಏನೇನಾಗಬೇಕೋ ಅದೆಲ್ಲ ಆಗುತ್ತಲೇ ಇರುತ್ತದೆ. ಆದರೆ ಕಿರುಗಾವಲಿನ ಒಂದೇ ಮನೆಯಲ್ಲಿ ಆದಷ್ಟು ಇಡೀ ಮಳವಳ್ಳಿ ತಾಲ್ಲೂಕಿನಲ್ಲಿ ಆಗಿಲ್ಲ.

ಆ ಮನೆಯಾಕೆಯ ಮಗಳು ಚೊಚ್ಚಲ ಬಸುರಿ. ಮದ್ದೂರಿನ ಬೀಗಿತಿ ಫೋನ್ ಮಾಡಿ, “ನಿಮ್ಮ ಬೀದೀಲಿ ಡೆಂಗಿ ಅಂತೆ. ನಾನೇ ಬಂದು ನೋಡ್ತೀನಿ. ಒಂದು ಹುಳ ಕಂಡ್ರೂ ಬಾಣಂತನ ನಮ್ಮನೇಲೇ” ಎಂದಿದ್ದರಂತೆ. ನನ್ನನ್ನು ಕಂಡರೆ ಎಲ್ಲರೂ ಬಾಗಿಲು ಹಾಕಿಕೊಳ್ಳುತ್ತಾರೆ. ಈಕೆ ಬೀದಿಗೇ ಓಡಿಬಂದರು.

“ಇರೋಳು ಒಬ್ಳೇ ಮಗ್ಳು ಕಣ್ ಸಾ. ಅವ್ಳ ಬಾಣಂತನ ನಾನ್ ಮಾಡ್ದೆ ಇನ್ಯಾರ್ ಮಾಡಾರು? ಎಲ್ಲೆಲ್ಲಿ ಹುಳ ಐತೋ ತೋರ್ಸ್‌ಬುಡಿ.”

ನಾನು ಟಾರ್ಚ್ ಹಿಡಿದು ಅವರ ಹಿಂದೆಯೇ ಹಿತ್ತಲಿಗೆ ನಡೆದೆ.

ಒರಳು

ಮಿಕ್ಸಿ ಬಂದ ಮೇಲೆ ಕೆಲಸ ಕಳೆದುಕೊಂಡ ಒರಳುಕಲ್ಲು ಹಿತ್ತಲಲ್ಲಿ ಬಿದ್ದಿತ್ತು. ಗುಳಿಯಲ್ಲಿ ಮಳೆ ನೀರು, ನೀರಲ್ಲಿ ಮರಿಹುಳ. ಬೋರಲು ಹಾಕಿ ಎಂದೆ.

“ಒರಳ ಬೋರ್ಲಾಕಿದ್ರೆ ಮನೆಗೆ ಒಳ್ಳೇದಲ್ಲ ಸಾ. ಅದೂ ಬಸ್ರಿ ಬರೋ ಹೊತ್ನಲ್ಲಿ!”

ಹಾಗಾದರೆ ನೀರು ನಿಲ್ಲದ ಹಾಗೆ ಏನಾದರೂ ಮಾಡಿ ಎಂದು ಹೇಳಿ ಬಂದೆ. ಮುಂದಿನ ವಾರ ಹೋಗಿ ಒರಳಿಗೆ ಟಾರ್ಚ್ ಬಿಟ್ಟೆನೋ ಇಲ್ಲವೋ, ಒಳಗಿಂದ ಏನೋ ನನ್ನ ಕೈ ಕುಕ್ಕಿತು. ಮೇಲೊಂದು ಗೋಣಿಚೀಲದ ಚಪ್ಪರ, ಗುಳಿ ತುಂಬ ಹುಲ್ಲು, ಅದರ ಮೇಲೆ ಕಾವಿಗೆ ಕೂತ ಕೋಳಿ.

“ಈಗ ನೀರೂ ಇಲ್ಲ, ಹುಳಾನೂ ಇಲ್ಲ” ಎಂದರು ಆಕೆ. “ನಂಬ್ಕೆ ಇಲ್ದಿದ್ರೆ ಅವ್ಳುನ್ನ ಎಬ್ಬಿಸಿ ನೋಡ್ಕಳಿ.”

ನಂಬಿಕೆ ಇದೆ ಎಂದೆ.

ಮೀನು

ಬಚ್ಚಲ ತೊಟ್ಟಿಯ ನೀರು ಚೆಲ್ಲುವಂತಿರಲಿಲ್ಲ, ಮತ್ತೆ ನಲ್ಲಿ ಯಾವತ್ತು ಬರುತ್ತದೋ ಯಾರಿಗೆ ಗೊತ್ತು. ಅದಕ್ಕೇ ಮರಿಹುಳ ತಿನ್ನುವ ಗಪ್ಪಿ ಮೀನು ತಂದು ಬಿಟ್ಟೆ. ಮುಂದಿನ ಸಲ ನೋಡಿದರೆ ಮೀನು ದಪ್ಪಗಾಗಿವೆ, ಹುಳ ಆರಾಮಾಗಿ ಕುಣಿಯುತ್ತಿವೆ. ನಾನು ತಲೆ ಕೆರೆದುಕೊಳ್ಳುತ್ತಿರುವಾಗಲೇ ಮನೆಯ ಯಜಮಾನರು ಬಂದು, ಬಾಯಿಗೊಂದು ಹಿಡಿ, ತೊಟ್ಟಿಗೊಂದು ಹಿಡಿ ಕಡ್ಲೆಪುರಿ ಹಾಕಿದರು.

“ಅಯ್ಯೋ, ಹುಳ ತಿನ್ನಲಿ ಅಂತ ಬಿಟ್ಟ ಮೀನು ಇವು!” ಎಂದೆ.

“ಹುಳ ತಿನ್ಕಂಡಿರಾಕೆ ನಮ್ಮನೆಗ್ಯಾಕ್ ಬರ್ಬೇಕಿತ್ತು ಸಾ ಅವು? ಮನೆಗ್ ಬಂದವಕ್ಕೆ ಎರಡು ಪುರಿ ಆಕ್ದೇ ಇರಾಕಾದದಾ?”

ಮನೆಯಾಕೆ ಒಳಗಿಂದ ಬಂದವರು ತೊಟ್ಟಿಯನ್ನೊಮ್ಮೆ, ಗಂಡನನ್ನೊಮ್ಮೆ ನೋಡಿ ಪುರಿ ಡಬ್ಬಿಯನ್ನೇ ಕಿತ್ತುಕೊಂಡು ಹೋದರು. ಅಂದಿನಿಂದ ಮೀನಿಗೆ ಪುರಿ ಬಂದ್. ಯಜಮಾನರಿಗೂ.

ಬೀಗಿತಿ

ಬೀಗಿತಿ ಬರುವ ದಿನ ನಾನೂ ಇರಲೇಬೇಕೆಂದು ಆಕೆ ಹಟ ಹಿಡಿದಿದ್ದರು. ಬೀಗಿತಿ ಸೊಸೆಯನ್ನು ಮುಂದೆ ಬಿಟ್ಟುಕೊಂಡು ಬಂದರು, ಸೊಸೆಯ ಬಟ್ಟೆ ಬ್ಯಾಗು ಮಾತ್ರ ಅವರ ಕಂಕುಳಲ್ಲೇ ಇತ್ತು. ಬಂದವರೇ ಒಂದು ಗಾಜಿನ ಬಾಟಲಿಯನ್ನು ಮೇಜಿನ ಮೇಲಿಟ್ಟು, “ಬರಿಗೈಲಿ ಬರಬಾರದು ನೋಡಿ. ನಾನೇ ಬೆಳೆಸಿದ ಮನಿಪ್ಲಾಂಟು” ಎಂದು ನನ್ನ ಟಾರ್ಚ್ ಇಸಿದುಕೊಂಡರು.

ಡ್ರಮ್ಮು ನೋಡಿದರು. ತೊಟ್ಟಿ ನೋಡಿದರು, ಹಸಿದ ಮೀನು ಒಂದು ಹುಳವನ್ನೂ ಉಳಿಸಿರಲಿಲ್ಲ. ಫ್ರಿಜ್ಜಿನ ಹಿಂದೆ ನೀರು ನಿಲ್ಲುವ ತಟ್ಟೆಗೂ ಬಗ್ಗಿದರು. ಒರಳಿನ ಹತ್ತಿರ ಕುಕ್ಕಿಸಿಕೊಂಡರು. ಏನೂ ಸಿಗಲಿಲ್ಲ.

“ಆದ್ರೂ ಹಳ್ಳಿ ನೋಡಿ, ನನಗೆ ಧೈರ್ಯ ಬರ್ತಿಲ್ಲ” ಎಂದು ಬ್ಯಾಗನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡರು. ಮಗಳ ಮುಖ ಬಾಡಿತು. ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಅಷ್ಟರಲ್ಲಿ ನಾನು ಕಿಟಕಿಯ ಬೆಳಕಿಗೆ ಹೊಳೆಯುತ್ತಿದ್ದ ಮನಿಪ್ಲಾಂಟು ಬಾಟಲಿ ನೋಡಿದೆ. ಬೇರಿನ ನಡುವೆ ಹುಳ ಮೇಲಕ್ಕೂ ಕೆಳಕ್ಕೂ ಓಡಾಡುತ್ತಿದ್ದವು. ಸರ್ಕಾರಿ ನೌಕರ ಬೀಗರ ನಡುವೆ ಬಾಯಿ ಹಾಕಬಾರದೆಂದು ಸುಮ್ಮನಿದ್ದೆ. ಆದರೆ ಮನೆಯಾಕೆಗೆ ಈಗ ನೀರು ಕಂಡರೆ ಬಗ್ಗಿ ನೋಡುವ ಚಾಳಿ. ಬಗ್ಗಿದರು. ಬಾಟಲಿಯನ್ನು ಎತ್ತಿ ಬೀಗಿತಿಯ ಮೂಗಿನ ಹತ್ತಿರ ಹಿಡಿದರು.

“ಬೀಗ್ತಮ್ಮ, ಒಬ್ಳು ಬಸ್ರೀನ ಕಳ್ಸಿ ಅಂದ್ರೆ ಇಷ್ಟೊಂದು ಕೂಸ್ಗಳ್ನೂ ಕರ್ಕಂಡ್ ಬಂದಿದ್ದೀರಲ್ಲಾ! ಇವ್ಕೂ ನಾನೇ ಬಾಣಂತನ ಮಾಡ್ಬೇಕಾ?”

ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಬೀಗಿತಿ ಬಾಟಲಿಯನ್ನು ನೋಡಿದರು, ನನ್ನನ್ನು ನೋಡಿದರು, ಆಮೇಲೆ ಮೆಲ್ಲಗೆ ಬ್ಯಾಗನ್ನು ಕಂಕುಳಿಂದ ಇಳಿಸಿದರು.

“ಇದನ್ನ ಯಾವ ರೂಮಲ್ಲಿ ಇಡ್ಲಿ?”